ಕಾಡುದಾರಿಗೆ ಯೋಗ್ಯವೆಂದು ಮಾರಿದ ವಾಹನದ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ದೂರು ವಿಭಾಗ

ವಿಷಯ: ಬೇಟೆ ಪ್ರವಾಸಕ್ಕೂ ಕಚ್ಚಾದಾರಿಗೂ ತಕ್ಕುದೆಂದು ಭರವಸೆ ಕೊಟ್ಟು ಮಾರಿದ ವಾಹನ ಆ ಕೆಲಸಕ್ಕೆ ಒದಗದಿರುವುದು ಮತ್ತು ವಾರಂಟಿ ನಿರಾಕರಿಸಿರುವುದು

ಮಾನ್ಯರೇ,

ಏಳು ತಿಂಗಳ ಹಿಂದೆ ನಾನು ತಮ್ಮ ಅಧಿಕೃತ ಮಾರಾಟ ಮಳಿಗೆಯಿಂದ ತಮ್ಮ ಕಂಪನಿಯ ಎಸ್‌ಯುವಿಯೊಂದನ್ನು ಪೂರ್ಣ ಹಣ ಪಾವತಿಸಿ ಕೊಂಡಿದ್ದೇನೆ. ಪರವಾನಗಿ ಪಡೆದು, ಅನುಮತಿ ಇರುವ ಋತುವಿನಲ್ಲಿ ಮಾತ್ರ ಬೇಟೆಗೆ ಹೋಗುವವನು ನಾನು. ಇಪ್ಪತ್ತು ವರ್ಷ ದುಡಿದ ಹಳೆಯ ಪಿಕಪ್ ಇನ್ನು ಸಾಗದೆಂದು ಖಚಿತವಾದ ಮೇಲೆ, ಅದರ ಜಾಗಕ್ಕೆ ಬರುವ ಗಾಡಿ ಏನೇನು ಮಾಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೇ ಮಳಿಗೆಗೆ ಹೋಗಿದ್ದೆ. ನಾಲ್ಕು ಜನ, ಬಂದೂಕುಗಳನ್ನು ಬೀಗ ಹಾಕಿ ಇಡುವ ಪೆಟ್ಟಿಗೆ, ಎರಡು ದಿನದ ನೀರು, ಹಿಂದಿರುಗುವಾಗ ಒಂದು ಕಾಡುಹಂದಿಯ ಭಾರ, ಇಷ್ಟನ್ನು ಹೊತ್ತುಕೊಂಡು ಮಳೆ ಬಿದ್ದ ಮರುದಿನ ಕಲ್ಲು ತುಂಬಿದ ಏರನ್ನು ಹತ್ತಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಆ ಹಾಳೆಯನ್ನು ಓದಿದ ತಮ್ಮ ಮಾರಾಟ ಪ್ರತಿನಿಧಿ, ಈ ಮಾದರಿ ಅದೆಲ್ಲಕ್ಕೂ ಸೂಕ್ತ, ಇದು ಸಂಪೂರ್ಣ ಫೋರ್ ಬೈ ಫೋರ್ (ಕಠಿಣ ದಾರಿಗೆಂದೇ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ಗಾಡಿ) ಎಂದು ಇಮೇಲ್ ಮೂಲಕ ಉತ್ತರ ಕೊಟ್ಟರು. ಆ ಇಮೇಲಿನ ಪ್ರತಿಯನ್ನು ಲಗತ್ತಿಸಿದ್ದೇನೆ.

ಕಳೆದ ತಿಂಗಳು ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಂದು ಹಂದಿ ಬಿದ್ದಿತ್ತು. ಅದರ ಭಾರ ಸುಮಾರು 90 ಕಿಲೋ, ನಾವು ನಾಲ್ವರು ಸೇರಿ 300 ಕಿಲೋ, ಸಾಮಾನು 60 ಕಿಲೋ, ಒಟ್ಟು 450 ಕಿಲೋ. ತಮ್ಮ ಕೈಪಿಡಿಯಲ್ಲಿರುವ ಮಿತಿ 500 ಕಿಲೋ ಆದ್ದರಿಂದ ಅತಿಭಾರವೆಂಬ ಮಾತು ಇಲ್ಲಿ ಬರುವುದಿಲ್ಲ. ಹಳ್ಳದಿಂದ ಮೇಲೆ ಬರುವ ದಾರಿಯ ಮಧ್ಯೆ ಓರೆಯಾಗಿ ಒಂದು ಕೊರಕಲು ಇತ್ತು. ಅದನ್ನು ದಾಟುವಾಗ ಮುಂದಿನ ಎಡ ಚಕ್ರವೂ ಹಿಂದಿನ ಬಲ ಚಕ್ರವೂ ಒಟ್ಟಿಗೆ ನೆಲ ಬಿಟ್ಟವು. ಗಾಳಿಯಲ್ಲಿದ್ದ ಚಕ್ರಗಳು ಸುಮ್ಮನೆ ತಿರುಗಿದವು, ನೆಲದ ಮೇಲಿದ್ದವು ಅಲುಗಲಿಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ಕಟಕಟ ಸದ್ದು ಮಾಡುತ್ತ ಗಾಳಿಯಲ್ಲಿದ್ದ ಚಕ್ರಗಳಿಗೆ ಬ್ರೇಕ್ ಹಿಡಿದು ನೋಡಿತು. ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಹಳದಿ ಅಕ್ಷರದಲ್ಲಿ, ಬಿಸಿ ಹೆಚ್ಚಾದ ಕಾರಣ ಹಿಂದಿನ ಚಕ್ರಗಳ ಚಾಲನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ ಎಂಬ ಸಂದೇಶ ಬಂತು. ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಬ್ರೇಕ್ ಒತ್ತಿಯೇ ಇದ್ದರೂ ಗಾಡಿ ಜೇಡಿಮಣ್ಣಿನ ಮೇಲೆ ಒಂದು ಮಾರು ಹಿಂದಕ್ಕೆ ಜಾರಿತು. ಹಿಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಬಾಗಿಲು ತೆರೆದು ಹಾರಲು ಕೈ ಇಟ್ಟಿದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಅವರು ಹಾರಿದ್ದರೆ ಚಕ್ರದ ಕೆಳಗೆ ಬೀಳುತ್ತಿದ್ದರು.

ಇದು ಚಾಲಕನ ತಪ್ಪೆಂದು ತಮ್ಮ ಸರ್ವೀಸ್ ಕೇಂದ್ರದವರು ಬರೆದಿರುವುದರಿಂದ, ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ತಾವು ಮಾರಿದ್ದು ಆಲ್ ವೀಲ್ ಡ್ರೈವ್ ವಾಹನ. ಮುಂದಿನ ಚಕ್ರಗಳು ಜಾರಿದಾಗ ಒಂದು ಬಹುಫಲಕದ ಕ್ಲಚ್ ಬಿಗಿದುಕೊಂಡು ಹಿಂದಿನ ಚಕ್ರಗಳಿಗೂ ಶಕ್ತಿ ಕಳಿಸುತ್ತದೆ. ಒದ್ದೆ ಡಾಂಬರು ರಸ್ತೆಗೆ ಇದು ಒಳ್ಳೆಯ ಏರ್ಪಾಡೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಇದರಲ್ಲಿ ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್, ಅಂದರೆ ವೇಗ ಇಳಿಸಿ ಬಲ ಹೆಚ್ಚಿಸುವ ಹೆಚ್ಚುವರಿ ಗೇರು, ಇಲ್ಲ; ಎಡ, ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನು ಬಿಗಿದು ಎರಡನ್ನೂ ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಕೂಡ ಇಲ್ಲ. ಲಾಕ್ ಇಲ್ಲದ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಒಂದೇ ಪ್ರಮಾಣದ ತಿರುಚುಬಲ ಕೊಡುವುದರಿಂದ, ಒಂದು ಚಕ್ರ ಗಾಳಿಯಲ್ಲಿದ್ದರೆ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಲೋ ರೇಂಜಿನ ವಿಷಯವನ್ನು ಲೆಕ್ಕದಲ್ಲೇ ಹೇಳುವುದಾದರೆ, ಮೊದಲ ಗೇರಿನ ಅನುಪಾತ 4, ಚಕ್ರಗಳ ಅಚ್ಚಾದ ಆಕ್ಸಲಿನದು 4 ಎಂದು ಇಟ್ಟುಕೊಂಡರೆ ಒಟ್ಟು 16 ಆಗುತ್ತದೆ. ಇದಕ್ಕೆ 2.5ರ ಲೋ ರೇಂಜ್ ಸೇರಿದರೆ 40. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ, ಸಾಧಾರಣ ಗಾತ್ರದ ಟಯರಿರುವ, ಲೋ ರೇಂಜ್ ಇಲ್ಲದ ಗಾಡಿ ಗಂಟೆಗೆ ಸುಮಾರು 8.5 ಕಿ.ಮೀ. ಓಡಿದರೆ ಲೋ ರೇಂಜ್ ಇರುವುದು 3.5 ಕಿ.ಮೀ. ವೇಗದಲ್ಲಿ, ಮನುಷ್ಯ ನಡೆಯುವುದಕ್ಕಿಂತಲೂ ನಿಧಾನವಾಗಿ, ಎರಡೂವರೆ ಪಟ್ಟು ಬಲದೊಂದಿಗೆ ಹತ್ತುತ್ತದೆ. ಕಲ್ಲಿನ ಏರಿನಲ್ಲಿ ಬೇಕಾಗುವುದು ಈ ನಿಧಾನವೇ. ಅದಿಲ್ಲದ ಗಾಡಿ ಓಟದ ರಭಸದಿಂದ ಹತ್ತಬೇಕಾಗುತ್ತದೆ, ರಭಸದಲ್ಲಿ ಕಲ್ಲಿಗೆ ಬಡಿಯುತ್ತದೆ. ನಿಧಾನಿಸಿದರೆ ಕ್ಲಚ್ ಸುಡುತ್ತದೆ. ಇಳಿಯುವಾಗಲೂ ಎಂಜಿನ್ನಿನ ಹಿಡಿತ ಸಾಲದೆ ಎಲ್ಲ ಭಾರವೂ ಬ್ರೇಕಿನ ಮೇಲೆಯೇ ಬೀಳುತ್ತದೆ.

ನಮ್ಮನ್ನು ಕೊನೆಗೆ ಎಳೆದು ಮೇಲೆ ತಂದದ್ದು ಇನ್ನೊಂದು ತಂಡದವರ ಹಳೆಯ ಪಿಕಪ್. ಅವರು ಲೋ ರೇಂಜಿಗೆ ಹಾಕಿ, ಆಕ್ಸಿಲರೇಟರ್ ಅಷ್ಟಾಗಿ ತುಳಿಯದೆಯೇ ಅದೇ ಕೊರಕಲನ್ನು ದಾಟಿದರು. ಎಳೆಯಲು ಹಗ್ಗ ಕಟ್ಟುವುದಕ್ಕೆ ತಮ್ಮ ವಾಹನದಲ್ಲಿದ್ದದ್ದು ಬಂಪರಿನ ಮುಚ್ಚಳ ತೆಗೆದು ತಿರುಗಿಸಿ ಕೂರಿಸುವ ಒಂದು ಕೊಂಡಿ ಮಾತ್ರ. ಅದು ಕೆಟ್ಟು ನಿಂತ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ನೇರವಾಗಿ ಎಳೆಯಲೆಂದು ಇರುವುದು. ಓರೆಯಾಗಿ ಎಳೆದಾಗ ಅದು ಬಾಗಿತು. ಬಿಗಿದ ಹಗ್ಗದ ತುದಿಯಿಂದ ಕಬ್ಬಿಣದ ತುಂಡು ಕಿತ್ತು ಹಾರಿದರೆ ಎದುರಿದ್ದವರ ಪ್ರಾಣವೇ ಹೋಗಬಹುದೆಂಬುದು ಈ ಕೆಲಸ ಬಲ್ಲವರಿಗೆಲ್ಲ ಗೊತ್ತು. ಗಾಡಿಯ ಚೌಕಟ್ಟಿಗೆ ಭದ್ರವಾಗಿ ಬೆಸೆದ ಎರಡು ಕೊಂಡಿಗಳನ್ನು ಕೊಡುವುದಕ್ಕೆ ತಮಗೆ ಎಷ್ಟು ಖರ್ಚಾಗುತ್ತಿತ್ತು?

ಅಲ್ಲಿಗೂ ಮುಗಿಯಲಿಲ್ಲ. ಮೇಲೆ ಬಂದ ಮೇಲೆ ನೋಡಿದರೆ ಹಿಂದಿನ ಟಯರಿನ ಪಕ್ಕದ ಗೋಡೆಯಲ್ಲಿ ಹೆಬ್ಬೆರಳಿನ ಉದ್ದಕ್ಕೆ ಸೀಳು ಬಿದ್ದಿತ್ತು. ಡಿಕ್ಕಿಯ ತಳದಲ್ಲಿ ಸ್ಟೆಪ್ನಿ ಇರಲಿಲ್ಲ. ಅಂಟುದ್ರವದ ಒಂದು ಬಾಟಲಿ ಮತ್ತು ಸಣ್ಣ ಪಂಪ್ ಇದ್ದವು. ಮೊಳೆ ಚುಚ್ಚಿದ ತೂತಿಗೆ ಆ ದ್ರವ ಸಾಕಾಗಬಹುದು, ಪಕ್ಕದ ಗೋಡೆಯ ಸೀಳನ್ನು ಅದು ಮುಚ್ಚುವುದಿಲ್ಲ. ಬೇರೆ ಟಯರ್ ತರಿಸಿ ಹೊರಡುವ ಹೊತ್ತಿಗೆ ಸಂಜೆಯಾಗಿತ್ತು. ಬಿಸಿಲಿನಲ್ಲಿ ಅಷ್ಟು ಹೊತ್ತು ಬಿದ್ದಿದ್ದ ಮಾಂಸ ಕೆಟ್ಟುಹೋಗಿ, ಇಡೀ ಪ್ರಾಣಿಯನ್ನು ಹೂಳಬೇಕಾಯಿತು. ತಮಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಆದರೆ ಒಂದು ಜೀವ ತೆಗೆದ ಮೇಲೆ ಅದನ್ನು ವ್ಯರ್ಥ ಮಾಡಬಾರದೆಂಬುದು ನಾನು ಬಂದೂಕು ಹಿಡಿದ ದಿನದಿಂದ ಪಾಲಿಸಿಕೊಂಡು ಬಂದ ನಿಯಮ. ಅದು ಮೊದಲ ಬಾರಿ ಮುರಿದದ್ದು ಆ ದಿನ, ಮತ್ತು ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಾಲೂ ಇದೇ.

ತಮ್ಮ ಪರಿಚಯ ಪುಸ್ತಿಕೆಯಲ್ಲಿ ಗ್ರೌಂಡ್ ಕ್ಲಿಯರೆನ್ಸ್ (ಗಾಡಿಯ ಅತಿ ಕೆಳಗಿನ ಭಾಗಕ್ಕೂ ನೆಲಕ್ಕೂ ಇರುವ ಅಂತರ) 210 ಮಿ.ಮೀ. ಎಂದು ದೊಡ್ಡಕ್ಷರದಲ್ಲಿ ಅಚ್ಚಾಗಿದೆ. ಸುಜುಕಿ ಜಿಮ್ನಿ ಎಂಬ ಪುಟ್ಟ ಫೋರ್ ಬೈ ಫೋರ್ ಗಾಡಿಯದೂ 210 ಮಿ.ಮೀ. ಸಂಖ್ಯೆ ಒಂದೇ, ಅರ್ಥ ಬೇರೆ. ಜಿಮ್ನಿಯಲ್ಲಿರುವುದು ಗಟ್ಟಿ ಆಕ್ಸಲ್. ಭಾರ ಹೇರಿದರೂ ಆಕ್ಸಲಿನ ಕೆಳಗಿನ ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ತಮ್ಮದರಲ್ಲಿ ಪ್ರತಿ ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇರುವುದರಿಂದ, ನಾಲ್ಕು ಜನ ಕುಳಿತರೆ ಗಾಡಿಯ ಹೊಟ್ಟೆಯೇ ಕೆಳಗಿಳಿಯುತ್ತದೆ. ಮನೆಗೆ ಬಂದು ಅದೇ 450 ಕಿಲೋ ಭಾರ ಹೇರಿ ಅಳತೆಪಟ್ಟಿ ಇಟ್ಟು ನೋಡಿದೆ, 165 ಮಿ.ಮೀ. ಬಂತು. ಎಂಜಿನ್ನಿನ ಕೆಳಗಿರುವ ರಕ್ಷಣಾ ಹಲಗೆಯೂ ಉಕ್ಕಿನದಲ್ಲ, ಪ್ಲಾಸ್ಟಿಕ್. ಸುಮಾರು ಸಾವಿರದ ಇನ್ನೂರು ಕಿಲೋ ತೂಗುವ ಆ ಪುಟ್ಟ ಜಿಮ್ನಿಗೆ ಲೋ ರೇಂಜ್ ಕೊಡುವುದು ಸಾಧ್ಯವಾಗಿದೆ. ಜೀಪ್ ರಾಂಗ್ಲರಿನ ರೂಬಿಕಾನ್ ಮಾದರಿಯಲ್ಲಿ 4ರ ಅನುಪಾತದ ಲೋ ರೇಂಜ್ ಇದೆ, ಮುಂದೆಯೂ ಹಿಂದೆಯೂ ಡಿಫರೆನ್ಷಿಯಲ್ ಲಾಕ್ ಇದೆ. ನಾನು ಕೇಳಿದ್ದು ಲೋಕದಲ್ಲಿಲ್ಲದ ವಸ್ತುವನ್ನಲ್ಲ. ತಮ್ಮಲ್ಲಿ ಅಂಥದ್ದು ಇಲ್ಲವೆಂದು ಒಂದು ಮಾತು ಹೇಳಿದ್ದರೆ ಬೇರೆ ಕಡೆ ಕೊಳ್ಳುತ್ತಿದ್ದೆ.

ಈಗ ತಮ್ಮ ಸರ್ವೀಸ್ ಕೇಂದ್ರದವರು, ಕೈಪಿಡಿಯ ಒಳಪುಟವೊಂದರಲ್ಲಿ ಈ ವಾಹನ ಕಚ್ಚಾದಾರಿಯ ಬಳಕೆಗೆ ವಿನ್ಯಾಸಗೊಂಡಿಲ್ಲ ಎಂದಿರುವುದನ್ನು ತೋರಿಸಿ, ಸುಟ್ಟ ಕ್ಲಚ್ಚಿನ ದುರಸ್ತಿಗೆ ವಾರಂಟಿ ಅನ್ವಯಿಸುವುದಿಲ್ಲವೆಂದು ಬರೆದುಕೊಟ್ಟಿದ್ದಾರೆ. ಆ ಕೈಪಿಡಿ ನನ್ನ ಕೈಗೆ ಬಂದದ್ದು ಹಣ ಕಟ್ಟಿ, ಬೀಗದ ಕೈ ಪಡೆದ ದಿನ. ಅದಕ್ಕೂ ಮೊದಲು ಕೊಟ್ಟ ಪರಿಚಯ ಪುಸ್ತಿಕೆಯ ಮುಖಪುಟದಲ್ಲಿ ಇದೇ ವಾಹನ ಮೊಣಕಾಲುದ್ದದ ನೀರಿನಲ್ಲಿ, ಬಂಡೆಗಳ ನಡುವೆ ನಿಂತಿದೆ. ಮಾರುವಾಗ ಬಂಡೆಯ ಮೇಲೆ ನಿಲ್ಲಿಸಿ ತೋರಿಸಿದ ವಾಹನವನ್ನು ದುರಸ್ತಿ ಮಾಡುವಾಗ ಡಾಂಬರಿಗೆ ಸೀಮಿತಗೊಳಿಸುವುದು ಯಾವ ನ್ಯಾಯವೆಂದು ತಾವೇ ಹೇಳಬೇಕು.

ಆದ್ದರಿಂದ ತಾವು ಈ ವಾಹನವನ್ನು ಹಿಂಪಡೆದು, ಏಳು ತಿಂಗಳ ಬಳಕೆಗೆ ನ್ಯಾಯವಾದ ಮೊತ್ತವನ್ನಷ್ಟೇ ಕಳೆದು ಉಳಿದ ಹಣವನ್ನು ಮರಳಿಸಬೇಕೆಂದು ಕೋರುತ್ತೇನೆ. ಅದಾಗದಿದ್ದರೆ ಲೋ ರೇಂಜ್ ಇರುವ ತಮ್ಮ ಬೇರೆ ಮಾದರಿಯನ್ನು ಬದಲಿಗೆ ಕೊಡಿ. ಬೆಲೆಯ ವ್ಯತ್ಯಾಸವನ್ನು ಭರಿಸಲು ನಾನು ಸಿದ್ಧನಿದ್ದೇನೆ. ಎರಡರಲ್ಲಿ ಯಾವುದಾದರೂ ಕ್ಲಚ್, ಟಯರ್ ಮತ್ತು ಎಳೆದು ತಂದ ಖರ್ಚು ತಮ್ಮದೇ. ಇದರ ಜೊತೆಗೆ, ಆಲ್ ವೀಲ್ ಡ್ರೈವ್ ಗಾಡಿಯನ್ನು ಫೋರ್ ಬೈ ಫೋರ್ ಎಂದು ಕರೆದು ಮಾರುವುದನ್ನು ತಮ್ಮ ಪ್ರತಿನಿಧಿಗಳು ನಿಲ್ಲಿಸಬೇಕು. ಲೋ ರೇಂಜ್ ಇದೆಯೇ ಇಲ್ಲವೇ, ಭಾರ ಹೇರಿದಾಗ ಗ್ರೌಂಡ್ ಕ್ಲಿಯರೆನ್ಸ್ ಎಷ್ಟು, ಸ್ಟೆಪ್ನಿ ಇದೆಯೇ ಎಂಬ ವಿವರಗಳು ಪುಸ್ತಿಕೆಯಲ್ಲಿ ಕಣ್ಣಿಗೆ ಬೀಳುವಂತೆ ಇರಬೇಕು. ಮುಂದಿನ ಗ್ರಾಹಕ ಇಳಿಜಾರಿನ ಮಧ್ಯೆ ನಿಂತು ಇದನ್ನು ತಿಳಿದುಕೊಳ್ಳುವಂತಾಗಬಾರದು.

ಈ ಪತ್ರ ತಲುಪಿದ 15 ದಿನಗಳೊಳಗೆ, ಅಧಿಕಾರವುಳ್ಳವರ ಸಹಿಯೊಂದಿಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಬಾರದಿದ್ದಲ್ಲಿ ಇವೇ ದಾಖಲೆಗಳೊಂದಿಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ವಾಹನ ಈಗ ತಮ್ಮ ಸರ್ವೀಸ್ ಕೇಂದ್ರದ ಅಂಗಳದಲ್ಲೇ ಇದೆ. ಬಾಗಿದ ಕೊಂಡಿಯನ್ನೂ ಸೀಳಿದ ಟಯರನ್ನೂ ತೆಗೆದಿರಿಸಿದ್ದೇನೆ. ತಮ್ಮ ತಂತ್ರಜ್ಞರು ಯಾವ ದಿನ ಬಂದರೂ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ವಾಹನದ ಮಾಲೀಕ

ಅಡಕ: ಮಾರಾಟ ಪ್ರತಿನಿಧಿಯ ಇಮೇಲ್, ಖರೀದಿ ರಸೀದಿ, ವಾರಂಟಿ ನಿರಾಕರಣೆಯ ಪತ್ರ, ಪರಿಚಯ ಪುಸ್ತಿಕೆಯ ಮುಖಪುಟ ಹಾಗೂ ಛಾಯಾಚಿತ್ರಗಳು