ಕುಂಚ ಹಿಡಿದವರ ಕಿವಿಗೆ ಏನು ಬೇಕು?

ಮಾನ್ಯ ಸಂಪಾದಕರೇ,

ಸೂಟಿ ಶುರುವಾದರೆ ಹುಬ್ಬಳ್ಳಿ-ಧಾರವಾಡದ ಕೆಲವು ಮನೆಗಳಲ್ಲಿ ಹಾಡು ಕೇಳುತ್ತ ಬಣ್ಣ ಹಚ್ಚಲೆಂದು ಪುಟ್ಟ ಗೊಂಬೆಗಳು ಮೇಜು ಹತ್ತುತ್ತವೆ. ಪ್ಲಾಸ್ಟಿಕ್ಕಿನ ಸೈನಿಕರು, ರೆಸಿನ್‌ನಲ್ಲಿ ಪ್ರಿಂಟ್ ಮಾಡಿದ ಕುದುರೆ ಸವಾರರು, ಬೊಗಸೆಯಲ್ಲಿ ಹಿಡಿಸುವ ಮಣ್ಣಿನ ಮೂರ್ತಿಗಳು. “ಆ ಹಾಡು ಬಂದ್ ಮಾಡು, ಕೆಲಸದ ಕಡೆ ಲಕ್ಷ್ಯ ಇರಲಿ” ಎಂಬ ಹಿರಿಯರ ಮಾತೂ ಜೊತೆಗೇ ಬರುತ್ತದೆ. ಈ ಹವ್ಯಾಸದಲ್ಲಿ ಪಳಗಿದ ನಾವು ಕೆಲವರು ಆ ಮಾತನ್ನು ಒಪ್ಪುವುದಿಲ್ಲ. ಯಾವ ಹಂತಕ್ಕೆ ಯಾವುದು ಸಲ್ಲುತ್ತದೆ ಎಂದು ನೋಡದೆ ಸಿಕ್ಕಿದ್ದನ್ನು ಹಚ್ಚಿಟ್ಟರೆ ಕೈ ಕೆಡುವುದು ನಿಜ. ತಿಳಿದು ಕೇಳಿದರೆ ಅದೇ ಹಾಡು ಕೈಗೆ ಆಸರೆಯಾಗುತ್ತದೆ.

ಈ ಗೊಂಬೆಗಳ ಎತ್ತರ ಸಾಮಾನ್ಯವಾಗಿ 28ರಿಂದ 32 ಮಿಲಿಮೀಟರ್. ಕಣ್ಣಿನ ಅಗಲ ಹೆಚ್ಚೆಂದರೆ ಒಂದು ಮಿಲಿಮೀಟರ್. ಒಂದನ್ನು ಚೆಂದಗೆ ಮುಗಿಸಲು ಮೂರು-ನಾಲ್ಕು ತಾಸು ಬೇಕು. ಅದರಲ್ಲಿ ಉಸಿರು ಬಿಗಿಹಿಡಿದು ಮಾಡುವ ಕೆಲಸ ಅರ್ಧ ತಾಸಿನದು. ಉಳಿದದ್ದೆಲ್ಲ ಒಂದೇ ಬಗೆಯ ಗೀರುಗಳು, ಇಲ್ಲವೇ ಒಣಗಲೆಂದು ಕಾಯುವುದು. ಕಾಯುವಾಗ ಕಿವಿ ಖಾಲಿ ಇದ್ದರೆ ಬೇಸರ ಬರುತ್ತದೆ. ಬೇಸರ ಬಂದವರು ಹಸಿ ಬಣ್ಣದ ಮೇಲೆ ಮತ್ತೆ ಕುಂಚ ಇಡುತ್ತಾರೆ. ಅರೆಬರೆ ಒಣಗಿದ ಪದರ ಸಿಪ್ಪೆಯಂತೆ ಕಿತ್ತು ಕುಂಚದ ಸಂಗಡ ಬರುತ್ತದೆ. ಹೊಸಬರ ಗೊಂಬೆ ಬಹುತೇಕ ಹಾಳಾಗುವುದು ಇಲ್ಲೇ.

ಮೊದಲ ಹಂತಕ್ಕೆ ಏನೂ ಕೇಳಬೇಡಿ. ಅಚ್ಚಿನ ಎರಡು ಭಾಗ ಕೂಡಿದಲ್ಲಿ ಉಳಿಯುವ ತೆಳು ಗೆರೆಯನ್ನು ಬ್ಲೇಡಿನ ಬೆನ್ನಿನಿಂದ ಕೆರೆಯುವಾಗ ಸಪ್ಪಳವೇ ದಾರಿ ತೋರಿಸುತ್ತದೆ. ಒಂದೇ ಸಮ ಸರಸರ ಎಂದರೆ ಕೆಲಸ ಸರಿ ನಡೆದಿದೆ. ಕಟಕಟ ಎನ್ನತೊಡಗಿದರೆ ಬ್ಲೇಡಿನ ಓರೆ ತಪ್ಪಿ ಅದು ಜಿಗಿಯುತ್ತಿದೆ, ಮೇಲ್ಮೈ ಮೇಲೆ ಅಲೆ ಅಲೆಯಾದ ಗುರುತು ಬೀಳುತ್ತದೆ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬಳಸುವವರಿಗೂ ಇದೇ ಮಾತು. ಸೂಜಿಯ ತುದಿಗೆ ಬಣ್ಣ ಒಣಗಿ ಅಂಟಿದರೆ ಗಾಳಿಯ ಸದ್ದು ಮೊದಲು ಬದಲಾಗುತ್ತದೆ, ಹನಿ ಸಿಡಿಯುವುದು ಆಮೇಲೆ. ಹೊರಗಿನ ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡವರಿಗೆ ಅದು ಕೇಳಿಸುವುದೇ ಇಲ್ಲ.

ಮೂಲ ಬಣ್ಣ ಹಚ್ಚುವಾಗ ಕಿವಿಗೆ ಪೂರ್ತಿ ಸ್ವಾತಂತ್ರ್ಯ. ಎರಡು ಪಾಲು ಅಕ್ರಿಲಿಕ್ ಬಣ್ಣಕ್ಕೆ ಒಂದು ಪಾಲು ನೀರು ಬೆರೆಸಿ, ದಪ್ಪನೆಯ ಒಂದು ಪದರದ ಬದಲು ತೆಳ್ಳಗಿನ ಎರಡು ಪದರ ಹಚ್ಚಬೇಕು. 1ನೇ ಅಥವಾ 2ನೇ ನಂಬರಿನ ಕುಂಚ ಸಾಕು. ಕೈಗೆ ದಾರಿ ಗೊತ್ತಿರುವುದರಿಂದ ಮನಸ್ಸು ಕಥೆಯ ಹಿಂದೆ ಹೋದರೂ ತೊಂದರೆಯಿಲ್ಲ. ರೇಡಿಯೋ ನಾಟಕ, ಹರಿಕಥೆ, ಶ್ರೀಕೃಷ್ಣ ಪಾರಿಜಾತದ ಧ್ವನಿಮುದ್ರಿಕೆ, ಏನಾದರೂ ನಡೆದೀತು. ವಿಡಿಯೋ ಮಾತ್ರ ಬೇಡ. ಕಣ್ಣು ಎರಡು ಕಡೆ ಇರಲಾರದು, ತಲೆಯೆತ್ತಿದಷ್ಟು ಹೊತ್ತಿಗೆ ಕುಂಚದ ತುದಿಯಲ್ಲಿ ಬಣ್ಣ ಒಣಗಿರುತ್ತದೆ.

ನಿಜವಾದ ಆಯ್ಕೆ ಶುರುವಾಗುವುದು ನೆರಳು-ಬೆಳಕಿನ ಪದರಗಳಿಗೆ ಬಂದಾಗ. ಕಡು ಬಣ್ಣದಿಂದ ತಿಳಿ ಬಣ್ಣಕ್ಕೆ ಐದಾರು ಪದರಗಳಲ್ಲಿ ಏರಬೇಕು, ಪ್ರತಿ ಪದರವೂ ಹಿಂದಿನದಕ್ಕಿಂತ ಸ್ವಲ್ಪ ಚಿಕ್ಕ ಜಾಗ ಹಿಡಿಯಬೇಕು. ಇದಕ್ಕೆ ಹಿಂದೂಸ್ತಾನಿ ಗಾಯನ ಪರಂಪರೆಗಳಲ್ಲೊಂದಾದ ಕಿರಾನಾ ಘರಾಣೆಯ ವಿಲಂಬಿತ ಖ್ಯಾಲಿಗೆ, ಅಂದರೆ ನಿಧಾನ ಗತಿಯ ಗಾಯನಕ್ಕೆ, ಸಮನಾದದ್ದಿಲ್ಲ. ಗಂಗೂಬಾಯಿ ಹಾನಗಲ್ ಅವರು ಒಂದೊಂದೇ ಸ್ವರದ ಮೇಲೆ ನಿಂತು ರಾಗವನ್ನು ಮೇಲೇರಿಸುವ ಗತಿಗೂ ಈ ಕೆಲಸದ ಗತಿಗೂ ಚೆನ್ನಾಗಿ ಕೂಡುತ್ತದೆ. ಗದುಗಿನ ನೆಲದ ಭೀಮಸೇನ ಜೋಶಿಯವರನ್ನು ಕೇಳುವವರು ವೇಗದ ಸ್ವರಮಾಲೆಗಳಾದ ತಾನುಗಳು ಶುರುವಾಗುವ ಮೊದಲಿನ ಭಾಗವನ್ನು ಇದಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಲಯ ಏರಿದರೆ ಕೈಯ ವೇಗವೂ ತಿಳಿಯದಂತೆ ಏರುತ್ತದೆ.

ಧಾರವಾಡದವರಾಗಿ ಮುಂದಿನ ಮಾತು ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳಬೇಕು. ಮಲ್ಲಿಕಾರ್ಜುನ ಮನ್ಸೂರರ ಗಾಯನ ಮುಖದ ಕೆಲಸಕ್ಕೆ ಆಗಿಬರುವುದಿಲ್ಲ. ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳು, ಜೋಡು ರಾಗಗಳು, ಬಿಡುವಿಲ್ಲದೆ ಹೆಣೆದುಕೊಂಡು ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಬೀಳುವ ಸ್ವರಗಳ ಸಾಲು ಮನಸ್ಸನ್ನು ಪೂರಾ ಎಳೆದುಕೊಳ್ಳುತ್ತವೆ. ಸಮ್ ಬಂದಾಗ ತಲೆ ತಾನಾಗಿ ತೂಗುತ್ತದೆ, ತಲೆಯ ಹಿಂದೆ ಭುಜ, ಭುಜದ ಹಿಂದೆ ಕೈ. ಅವರನ್ನು ಗೊಂಬೆಯ ಪೀಠದ ಕೆಲಸಕ್ಕೆ ಇಟ್ಟುಕೊಳ್ಳಿ. ಅಂಟು ಸವರಿ ಜರಡಿ ಹಿಡಿದ ಮರಳು ಉದುರಿಸುವಾಗ ಎಷ್ಟು ತಲೆದೂಗಿದರೂ ಏನೂ ಕೆಡುವುದಿಲ್ಲ.

ಒಣ ಕುಂಚದ ಕೆಲಸಕ್ಕೆ ತದ್ವಿರುದ್ಧ ಗತಿ ಬೇಕು. ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಅಂಗೈ ಹಿಂಭಾಗಕ್ಕೆ ಸವರಿದರೆ ಗೀರೂ ಕಾಣದಷ್ಟು ಒಣಗಿಸಿ, ಉಬ್ಬಿದ ಅಂಚುಗಳ ಮೇಲೆ ಚುರುಕಾಗಿ ಆಡಿಸಬೇಕು. ನಿಧಾನಿಸಿದರೆ ಬಣ್ಣ ಒಂದೇ ಕಡೆ ಕೂರುತ್ತದೆ. ವೇಗದ ಗತಿಯ ದ್ರುತ್ ಬಂದಿಶ್, ತರಾನಾ, ತುಂತುಣಿ-ಡಪ್ಪಿನ ಗೀಗೀ ಪದ, ಶಿಶುನಾಳ ಶರೀಫರ ತತ್ವಪದಗಳ ಮೇಳ ಇಲ್ಲಿ ಹೇಳಿ ಮಾಡಿಸಿದ ಹಾಗಿರುತ್ತವೆ.

ಬಾವುಟದ ಮೇಲೆ ಅಕ್ಷರ ಬರೆಯುವಾಗ ಮಾತಿರುವುದೇನೂ ಕಿವಿಗೆ ಬೀಳಬಾರದು. ಕೇಳಿದ ಶಬ್ದ ಬರೆಯುವ ಶಬ್ದದೊಳಗೆ ನುಗ್ಗಿ ಒತ್ತಕ್ಷರ ತಪ್ಪುತ್ತದೆ. ಧಾರವಾಡಕ್ಕೆ ರಹಿಮತ್ ಖಾನ್, ಬಾಲೇಖಾನ್ ಅವರ ಸಿತಾರ ಪರಂಪರೆ ಇದೆ. ತಬಲಾ ಸೇರುವ ಮುಂಚಿನ ಆಲಾಪದ ಭಾಗ ಈ ಕೆಲಸಕ್ಕೆ ಸಾಕು. ಕ್ರಿಕೆಟ್ ಕಾಮೆಂಟರಿ ಸಣ್ಣ ಕುಂಚದ ಯಾವ ಕೆಲಸಕ್ಕೂ ಸಲ್ಲದು. ವಿಕೆಟ್ ಬಿದ್ದಾಗಿನ ಕೂಗಿಗೆ ಕೈ ಹಾರುತ್ತದೆ.

ಕಣ್ಣು ಬರೆಯುವಾಗ ಎಲ್ಲವನ್ನೂ ನಿಲ್ಲಿಸಿ. ಮೊದಲು ಕಣ್ಣಿನ ಗುಳಿಗೆ ಕಡುಗಂದು ತುಂಬಿ, ಅದರೊಳಗೆ ಮಾಸಲು ಬಿಳಿ, ಆಮೇಲೆ ಮೇಲಿನಿಂದ ಕೆಳಗೆ ಒಂದು ಕಡು ಗೀರು, ಕೊನೆಗೆ ಚರ್ಮದ ಬಣ್ಣದಿಂದ ಸುತ್ತಲೂ ತಿದ್ದಬೇಕು. ಬರೀ ಚುಕ್ಕಿ ಇಟ್ಟರೆ ಗೊಂಬೆ ದಿಟ್ಟಿಸಿದಂತೆ ಕಾಣುತ್ತದೆ. ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿರಲಿ, ಗೀರು ಉಸಿರು ಬಿಟ್ಟ ಮೇಲೆ ಬೀಳಲಿ. ಐದು ನಿಮಿಷದ ಕೆಲಸ, ಅಷ್ಟು ಹೊತ್ತು ಮನೆಯವರೂ ಮಾತಾಡಿಸದಿದ್ದರೆ ಉಪಕಾರ.

ಹಾಡು ಗಡಿಯಾರವೂ ಆಗುತ್ತದೆ. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಸುಮಾರು ಮೂರು ನಿಮಿಷದ್ದು. 1930ರ ದಶಕದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಗಂಗೂಬಾಯಿಯವರು ಹಾಡಿದ ತಟ್ಟೆಗಳೂ ಅಷ್ಟೇ ಉದ್ದದವು. ತೆಳು ಅಕ್ರಿಲಿಕ್ ಪದರ ಮುಟ್ಟುವಷ್ಟು ಒಣಗಲು ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಒಂದು ಹಾಡು, ಒಂದು ಪದರ. ಸಂದುಗಳಿಗೆ ಇಳಿಯಲೆಂದು ಬಿಡುವ ನೀರಾಗಿಸಿದ ಬಣ್ಣ ಒಣಗಲು 20ರಿಂದ 30 ನಿಮಿಷ ಬೇಕು. ಅದಕ್ಕೆ ಹೆಚ್ಚು ಹೊತ್ತು ಹಾಡುವ ಎಲ್‌ಪಿ ತಟ್ಟೆಯ ಒಂದು ಮಗ್ಗುಲು ಅಥವಾ 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ಸರಿ. ನಡುವೆ ಮುಟ್ಟಿದರೆ ಉಂಗುರದಂಥ ಕಲೆ ನಿಲ್ಲುತ್ತದೆ, ಅದನ್ನು ಅಳಿಸಲು ಮೂಲ ಬಣ್ಣದಿಂದಲೇ ಮತ್ತೆ ಶುರುಮಾಡಬೇಕು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದವರು ಎರಡೂ ಮಗ್ಗುಲು ಕೇಳಬೇಕಾದೀತು. ಒಣ ಹವೆಯ ಗದುಗಿನವರಿಗೆ ಅಷ್ಟು ಬೇಡ. ಮಗ್ಗುಲು ಮುಗಿದಾಗ ಎದ್ದು ಕಿಟಕಿಯಾಚೆ ದೂರಕ್ಕೆ ನೋಡಿ, ಕಣ್ಣಿಗೆ ವಿಶ್ರಾಂತಿ ಬೇಕೇ ಬೇಕು.

ಸಾಧನಗಳ ಬಗ್ಗೆಯೂ ಒಂದೆರಡು ಮಾತು. ಮೊಬೈಲಿನಲ್ಲಿ ಕೇಳುವವರು ಹಾಡುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಆಲಾಪದ ನಡುವೆ ಜಾಹೀರಾತು ಅಬ್ಬರಿಸಿದರೆ ಕುಂಚ ಎಲ್ಲಿ ಹೋಗುತ್ತದೆಂದು ಹೇಳಲಾಗದು. ಇಯರ್‌ಫೋನಿನ ವೈರು ಬೆನ್ನ ಹಿಂದಿನಿಂದ ಬರಲಿ, ಎದೆಯ ಮೇಲೆ ಇಳಿಬಿಟ್ಟರೆ ಹಸಿ ಗೊಂಬೆಯನ್ನು ಸವರುತ್ತದೆ. ಸ್ಪೀಕರನ್ನು ಬಣ್ಣದ ಮೇಜಿನ ಮೇಲೆ ಇಡಬೇಡಿ. ಮೀಡಿಯಂ ವೇವ್ ರೇಡಿಯೋ ಕೇಳುವವರಿಗೆ ಇನ್ನೊಂದು ಪೀಡೆ ಇದೆ. ಕೆಲಸದ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಎರಡೂ ಗುಂಯ್ ಎಂಬ ಸದ್ದು ತುಂಬುತ್ತವೆ. ರೇಡಿಯೋ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವ ಮುಂಚೆ ಅದನ್ನು ದೀಪದಿಂದ ನಾಲ್ಕೈದು ಅಡಿ ದೂರ ಇಟ್ಟು, ಇದ್ದಲ್ಲೇ ನಿಧಾನವಾಗಿ ತಿರುಗಿಸಿ ನೋಡಿ. ಒಳಗಿನ ಫೆರೈಟ್ ಕಡ್ಡಿಯ ಆಂಟೆನಾ ಒಂದೊಂದು ದಿಕ್ಕಿಗೆ ಒಂದೊಂದು ರೀತಿ ಹಿಡಿಯುತ್ತದೆ. ಗುಂಯ್ ಸದ್ದು ತಗ್ಗಿ ಕಾರ್ಯಕ್ರಮ ಉಳಿಯುವ ಒಂದು ಓರೆ ಸಾಮಾನ್ಯವಾಗಿ ಸಿಗುತ್ತದೆ.

ಇದೇ ಕಾರಣಕ್ಕೆ ತಮ್ಮಲ್ಲೊಂದು ವಿನಂತಿ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಸಂಗೀತ ಮತ್ತು ನಾಟಕಗಳ ಪಟ್ಟಿಯನ್ನು ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಕೊಡಿ. ಕಲಾವಿದರ ಹೆಸರಿನ ಜೊತೆಗೆ ರಾಗ, ಶುರುವಾಗುವ ಹೊತ್ತು, ಒಟ್ಟು ಎಷ್ಟು ನಿಮಿಷ ಎಂಬುದೂ ಇರಲಿ. ಆಕಾಶವಾಣಿಯವರು ಹಳೆಯ ಧ್ವನಿಮುದ್ರಣಗಳನ್ನು ಮರುಪ್ರಸಾರ ಮಾಡುವಾಗ ವಿಲಂಬಿತ್ ಎಷ್ಟು ಹೊತ್ತು, ದ್ರುತ್ ಎಷ್ಟು ಹೊತ್ತು ಎಂದು ಮೊದಲೇ ಹೇಳಿದರೆ ಇನ್ನೂ ಅನುಕೂಲ. ಶಾಲೆಗಳ ಡ್ರಾಯಿಂಗ್ ಮಾಸ್ತರರಿಗೂ ಒಂದು ಮಾತು: ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಮಕ್ಕಳಿಂದ ಎತ್ತುಗಳಿಗೆ ಬಣ್ಣ ಹಚ್ಚಿಸುವಾಗ ತರಗತಿಯಲ್ಲಿ ರೇಡಿಯೋ ಇಡಿ. ಮಣ್ಣು ಒಳಗೂ ಪೂರ್ತಿ ಒಣಗಿದೆಯೇ ಎಂದು ಮೊದಲು ನೋಡಿಕೊಳ್ಳಿ, ಹಸಿ ಉಳಿದಿದ್ದರೆ ಎಷ್ಟು ಚೆಂದ ಹಚ್ಚಿದರೂ ಬಣ್ಣ ಹಕ್ಕಳೆ ಏಳುತ್ತದೆ.

ಇತಿ,
ಬಣ್ಣದ ಹವ್ಯಾಸಿಗಳು
ಹುಬ್ಬಳ್ಳಿ-ಧಾರವಾಡ