ಹಾಸನದ ಶಾಸಕರಿಗೆ: ಖಾತೆ ಹಿಡಿಯುವ ಮುಂಚೆ ಆದೇಶ ನಮ್ಮ ಕೈಗೆ ಕೊಡಿಸಿ

ಮಾನ್ಯ ಶಾಸಕರೇ, ನಮಸ್ಕಾರ.

ಕಟ್ಟಿನಕೆರೆ ಮಾರ್ಕೆಟ್ ಸುತ್ತಮುತ್ತ ಅಂಗಡಿ ಇಟ್ಟುಕೊಂಡಿರುವ ನಮ್ಮಂಥವರ ಕಷ್ಟವೊಂದನ್ನು ನೀವು ವಿಧಾನಸಭೆಯಲ್ಲಿ ಎತ್ತಲೇಬೇಕು. ಜಿಎಸ್‌ಟಿ ಬಾಕಿ ಅಂತ ಒಂದು ಆದೇಶ ಆಗಿದೆ ಅನ್ನೋದೇ ನಮಗೆ ಬ್ಯಾಂಕ್ ಖಾತೆ ಬ್ಲಾಕ್ ಆದ ಮೇಲೆ ಗೊತ್ತಾಗುತ್ತಿದೆ.

ನನ್ನದು ಪೈಪು, ಮೋಟಾರ್ ಸಾಮಾನಿನ ಅಂಗಡಿ. ಶುಂಠಿ ನಾಟಿಯ ಹೊತ್ತಿಗೆ ಡ್ರಿಪ್ ಪೈಪ್ ತರಿಸೋಣ ಅಂತ ಡೀಲರ್‌ಗೆ ಕೊಟ್ಟಿದ್ದ ಚೆಕ್ ವಾಪಸ್ ಬಂತು. ಬ್ಯಾಂಕಿಗೆ ಹೋದರೆ ಕೌಂಟರ್‌ನಲ್ಲಿದ್ದವರು ಸ್ಕ್ರೀನ್ ತಿರುಗಿಸಿ ತೋರಿಸಿದರು. ದುಡ್ಡು ಇದೆ, ಅದರ ಕೆಳಗೆ ಲೀನ್, ಅಂದರೆ ದುಡ್ಡಿಗೆ ತಡೆ, ಅಂತ ಇದೆ, ತೆಗೆಯಲು ಸಿಗುವ ಮೊತ್ತ ಸೊನ್ನೆ. "ಟ್ಯಾಕ್ಸ್‌ನವರಿಂದ ಡಿಆರ್‌ಸಿ-13 ಬಂದಿದೆ ಸರ್, ನಮ್ಮ ಕೈಲಿ ಏನೂ ಇಲ್ಲ" ಅಂದರು. ವರ್ತಕನ ಬಾಕಿಯನ್ನು ಅವನ ಖಾತೆಯಿಂದಲೇ ಕಟ್ಟಿ ಅಂತ ತೆರಿಗೆ ಇಲಾಖೆ ಬ್ಯಾಂಕಿಗೆ ಕಳಿಸೋ ನೋಟಿಸ್ ಅದು. ಆಮೇಲೆ ಆಡಿಟರ್ ಹುಡುಕಿದಾಗ ಆದೇಶ ಜಿಎಸ್‌ಟಿ ಪೋರ್ಟಲ್‌ನ ಯಾವುದೋ ಮೂಲೆಯಲ್ಲಿ ಸಿಕ್ಕಿತು. ಮಾಲು ಕೊಟ್ಟವರು ರಿಟರ್ನ್ ತಡವಾಗಿ ಹಾಕಿದ್ದಕ್ಕೆ ನನ್ನ ಇನ್‌ಪುಟ್ ಕ್ರೆಡಿಟ್ (ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳೋದು) ತಳ್ಳಿಹಾಕಿದ್ದರು.

ಕಾನೂನಿನಲ್ಲಿ ದಾರಿ ಇಲ್ಲ ಅಂತಲ್ಲ. ಆದೇಶ ತಲುಪಿ 3 ತಿಂಗಳೊಳಗೆ ಜಿಎಸ್‌ಟಿ ಕಾಯ್ದೆಯ ಕಲಂ 107ರಡಿ ಮೇಲ್ಮನವಿ ಹಾಕಬಹುದು, ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು ಕೊಡುತ್ತಾರೆ. ಅದೂ ದಾಟಿದರೆ ಮೇಲ್ಮನವಿ ಅಧಿಕಾರಿಗೇ ತಗೊಳ್ಳೋ ಅಧಿಕಾರ ಇಲ್ಲ. ಪೋರ್ಟಲ್‌ಗೆ ಹಾಕಿದ ದಿನವನ್ನೇ ತಲುಪಿದ ದಿನ ಅಂತ ಹಿಡಿದರೆ, ಬೆಳಗ್ಗೆಯಿಂದ ರಾತ್ರಿವರೆಗೆ ಗಲ್ಲಾದಲ್ಲಿ ಕೂರೋ ಮನುಷ್ಯನಿಗೆ ಉಳಿಯೋದೇನು? ನನಗೆ ನಾಲ್ಕನೇ ತಿಂಗಳಿನ ಕೊನೆಯ ಕೆಲವು ದಿನ ಉಳಿದಿತ್ತು, ಪಕ್ಕದ ಬೀದಿಯವರೊಬ್ಬರಿಗೆ ಅದೂ ಉಳಿದಿರಲಿಲ್ಲ.

ಇನ್ನೂ ದೊಡ್ಡ ಸಂಕಟ ಬೇರೆ ಇದೆ. ಮೇಲ್ಮನವಿಗೆ ತಕರಾರಿರುವ ತೆರಿಗೆಯ ಶೇ. 10 ಮೊದಲೇ ಕಟ್ಟಬೇಕು. ಆ ದುಡ್ಡು ಇರೋದು ಹಿಡಿದಿಟ್ಟ ಖಾತೆಯಲ್ಲೇ ಅಲ್ವಾ! ನಾನು ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದೆ. ಹಾಗೆ ಕಟ್ಟಿ ಅರ್ಜಿ ಹಾಕಿದ ಕೂಡಲೇ ಉಳಿದ ಬಾಕಿಯ ವಸೂಲಿ ನಿಲ್ಲಬೇಕು ಅಂತ ಅದೇ ಕಲಂ ಹೇಳುತ್ತದೆ. ಆದರೆ ಬ್ಯಾಂಕಿನವರು ಅಧಿಕಾರಿಯ ಪತ್ರ ಬರದೆ ಲೀನ್ ತೆಗೆಯೋದಿಲ್ಲ, ಪತ್ರ ಬರೆಸಲು ನಾವೇ ಅಂಗಡಿ ಬಾಗಿಲು ಹಾಕಿ ಓಡಾಡಬೇಕು. ಅಷ್ಟರಲ್ಲಿ ನಾಟಿ ಮುಗಿದು, ರೈತರು ಬೇರೆ ಕಡೆ ಪೈಪ್ ತಗೊಂಡಾಗಿತ್ತು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಬಂದಾಗ ರಾಜ್ಯವೆಲ್ಲ ಮಾತಾಡಿತು, ಸರ್ಕಾರವೂ ಕಿವಿಗೊಟ್ಟಿತು. ನಮ್ಮದು ಒಬ್ಬೊಬ್ಬರಿಗೇ ಆಗೋದರಿಂದ ಯಾರಿಗೂ ಕಾಣುತ್ತಿಲ್ಲ, ಅಷ್ಟೇ.

ತೆರಿಗೆ ಬಿಟ್ಟುಬಿಡಿ ಅಂತ ನಾನು ಕೇಳುತ್ತಿಲ್ಲ. ಆದೇಶವನ್ನು ಕೈಗೆ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕೊಡಲು ಕಲಂ 169 ಈಗಲೇ ಅವಕಾಶ ಕೊಟ್ಟಿದೆ. ಹಾಗೆ ಕೊಡದೆ ಡಿಆರ್‌ಸಿ-13 ಕಳಿಸಬೇಡಿ ಅಂತ ರಾಜ್ಯ ಸರ್ಕಾರ ತನ್ನ ಅಧಿಕಾರಿಗಳಿಗೆ ಸುತ್ತೋಲೆ ಹೊರಡಿಸಲಿ. ಜೊತೆಗೆ ಕನ್ನಡದಲ್ಲಿ ಒಂದೇ ಹಾಳೆ ಇರಲಿ: ಎಷ್ಟು ದಿನ, ಎಷ್ಟು ದುಡ್ಡು, ಎಲ್ಲಿಗೆ ಹೋಗಬೇಕು, ಕಂತಿನಲ್ಲಿ ಕಟ್ಟಲು ಕಲಂ 80ರಲ್ಲಿ ಕೇಳಿಕೊಳ್ಳಬಹುದು ಅನ್ನೋದು. ಹಿಡಿದ ಖಾತೆಯಿಂದಲೇ ಆ ಶೇ. 10 ಕಟ್ಟಲು ಬಿಡಲಿ. ಮೇಲ್ಮನವಿ ಸೇರಿದ ಮೇಲೆ ಬ್ಯಾಂಕಿಗೆ ಪತ್ರ ಬರೆಯೋದು ಅಧಿಕಾರಿಯ ಕೆಲಸ ಆಗಲಿ.

ಮುಂದಿನ ಅಧಿವೇಶನಕ್ಕೆ ಮೊದಲು ಹಾಸನದಲ್ಲೇ ತೆರಿಗೆ ಅಧಿಕಾರಿಗಳು, ಬ್ಯಾಂಕಿನವರು, ವರ್ತಕರನ್ನು ಒಟ್ಟಿಗೆ ಕೂರಿಸಿ ಒಂದು ಸಭೆ ಮಾಡಿ. ನಮ್ಮ ಕಾಗದಪತ್ರ ಸಮೇತ ನಾವು ಬರುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಂಗಡಿಯವ