ಕದ್ರಿ ವಾಕಿಂಗ್ ಗುಂಪಿನವರಿಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. "ಮನಸ್ಸು ಗಟ್ಟಿ ಮಾಡಿಕೊಂಡರೆ ಡಿಪ್ರೆಶನ್ ಓಡಿಹೋಗುತ್ತದೆ" ಅಂತ ನಿನ್ನೆ ಇಲ್ಲಿ ಒಂದು ಫಾರ್ವರ್ಡ್ ಬಂದಿತ್ತು. ಕಳಿಸಿದವರ ಮೇಲೆ ಸಿಟ್ಟಿಲ್ಲ. ಆದರೆ ಅದು ತಪ್ಪು ಮಾರಾಯ್ರೆ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನನಗೇ ಆಗಿತ್ತು. ಬೆಳಿಗ್ಗೆ ಬ್ರಶ್‌ಗೆ ಪೇಸ್ಟ್ ಹಾಕಿ ಮಂಚದ ತುದಿಯಲ್ಲಿ ಅರ್ಧ ಗಂಟೆ ಸುಮ್ನೆ ಕೂತಿರುತ್ತಿದ್ದೆ. ಪೇಸ್ಟ್ ಒಣಗಿಹೋಗುತ್ತಿತ್ತು. ಬಂಗುಡೆ ಗಸಿಯೂ ರುಚಿಸುತ್ತಿರಲಿಲ್ಲ, ನನಗೆ! ಅಳು ಬರುತ್ತಿರಲಿಲ್ಲ; ಏನೂ ಬರುತ್ತಿರಲಿಲ್ಲ. ಸೋಮಾರಿತನ ಅಂತ ಮನೆಯವರು ಅಂದುಕೊಂಡರು, ನಾನೂ ಅಂದುಕೊಂಡೆ.

ಬೇಜಾರು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರಕ್ಕಿಂತ ಜಾಸ್ತಿ, ದಿನದ ಹೆಚ್ಚು ಹೊತ್ತು ಹೀಗೇ ಇದ್ದು ನಿದ್ದೆ, ಊಟ ಕೆಟ್ಟರೆ ಡಾಕ್ಟರಿಗೆ ತೋರಿಸಬೇಕು. ಥೈರಾಯ್ಡ್ ತೊಂದರೆಯಿಂದಲೂ ಹೀಗಾಗುವುದುಂಟು. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ನಾನು ಹತ್ತನೇ ದಿನಕ್ಕೇ ನಿಲ್ಲಿಸಲು ಹೊರಟಿದ್ದೆ, ಹೆಂಡತಿ ಬಿಡಲಿಲ್ಲ. ಸ್ವಲ್ಪ ಹುಷಾರಾಯಿತು ಅಂತ ನಾವೇ ನಿಲ್ಲಿಸುವುದೂ ಬೇಡ.

ನಮ್ಮ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿ ಮನೋರೋಗ ವಿಭಾಗ ಇದೆ. ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಸಾಯುವ ಮಾತಾಡಿದರೆ ತಮಾಷೆ ಅಂದುಕೊಳ್ಳಬೇಡಿ. ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನನ್ನ ಹತ್ತಿರ ಮಾತಾಡಬೇಕಿದ್ದರೆ ಗುಂಪಿನಲ್ಲಿ ಬೇಡ, ನೇರ ನನಗೇ ಮೆಸೇಜ್ ಹಾಕಿ. ನಾಳೆ ಆರಕ್ಕೆ ಪಾರ್ಕಿನ ಗೇಟ್ ಹತ್ತಿರ ಇರುತ್ತೇನೆ.